ಮೇಸ್ತ್ರಿಯ ಎತ್ತರ

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ವಿಭಾಗ ದಾಟಿದ ಮೇಲೆ, ಕೃತಕ ಕಾಲು ಮಾಡುವ ಕಾರ್ಯಾಗಾರವಿತ್ತು. ಉದ್ದಕ್ಕೆ ಮೂರು ಕೋಣೆ. ಮೊದಲನೆಯದರಲ್ಲಿ ಅಳತೆ, ನಡುವಿನದರಲ್ಲಿ ಪ್ಲಾಸ್ಟರಿನ ಅಚ್ಚು, ಕೊನೆಯದರಲ್ಲಿ ಕಾಲಿನೊಳಗಿನ ಪೈಪು ಕತ್ತರಿಸುವ ಯಂತ್ರ. ಮೂರರಲ್ಲೂ ಬಿಳಿ ಧೂಳು. ಸಂಜೆ ಹೊತ್ತಿಗೆ ಅಲ್ಲಿ ದುಡಿಯುವವರೆಲ್ಲರ ಹುಬ್ಬೂ ನರೆತು ಹೋಗಿರುತ್ತಿತ್ತು. ಗೋಡೆಗೆ ಸಾಲಾಗಿ ಕಾಲುಗಳನ್ನು ತೂಗುಹಾಕಿದ್ದರು. ಮೊದಲ ಸಲ ಬಂದವರು ಅದನ್ನು ನೋಡಿ ಹೊಸಿಲಲ್ಲೇ ನಿಂತುಬಿಡುತ್ತಿದ್ದರು.

ಅಲ್ಲಿನ ಯಜಮಾನಿಕೆ ಮೇಸ್ತ್ರಿಯದು. ವೈದ್ಯರು ಚೀಟಿ ಬರೆದು ಕಳಿಸುತ್ತಿದ್ದರು, ಅಷ್ಟೇ. ಕಾಲು ನಿಲ್ಲುವುದು ಬೀಳುವುದು ಮೇಸ್ತ್ರಿಯ ಕೈಯಲ್ಲಿ. ಕೈ ಬಂಗಾರದಂಥದ್ದು, ಸುಳ್ಳು ಹೇಳಬಾರದು. ಬಾಯಿ ಮಾತ್ರ ಉರಿಯುವ ಒಲೆ. ಸ್ಕ್ರೂ ಕೆಳಗೆ ಬಿದ್ದರೂ ಬೈಗುಳ, ಬಿದ್ದದ್ದನ್ನು ಎತ್ತಲು ಬಗ್ಗಿದರೆ ಅದಕ್ಕೂ ಬೈಗುಳ.

ಆಳು ಕುಳ್ಳ. ಈ ಮಾತನ್ನು ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಅವನ ಬೂಟಿನ ಅಟ್ಟೆ ಉಳಿದವರ ಬೂಟಿಗಿಂತ ದಪ್ಪಗಿತ್ತು. ತಾನೇ ಒಂದು ಪದರ ಹೆಚ್ಚಿಗೆ ಅಂಟಿಸಿಕೊಂಡಿದ್ದ. ಯಾರಾದರೂ ಅತ್ತ ಕಣ್ಣು ಹಾಯಿಸಿದರೆ, "ಸಿಮೆಂಟು ನೆಲ ಥಂಡಿ ಹೊಡೆಯುತ್ತೆ ಕಣ್ರಯ್ಯಾ" ಅನ್ನುತ್ತಿದ್ದ, ಕೇಳದಿದ್ದರೂ.

ಅವನಿಗೆ ಜಗತ್ತಿನಲ್ಲಿ ಆಗದ ವಸ್ತು ಒಂದಿತ್ತು: ಖಾಲಿ ಬಿಟ್ಟ ಜಾಗ. ಚಿಕ್ಕಂದಿನಲ್ಲಿ ನಾಲ್ಕು ಅಕ್ಷರ ಕಲಿಯಲು ಹೋದಾಗ ಮಾಸ್ತರರು ಪರೀಕ್ಷೆಯ ಹಾಳೆ ತಿರುವಿ, ಉತ್ತರ ಬರೆಯದೆ ಬಿಟ್ಟ ಒಂದೊಂದು ಜಾಗಕ್ಕೂ ಒಂದೊಂದು ಏಟು ಕೊಟ್ಟಿದ್ದರು. ತಪ್ಪು ಬರೆದವರಿಗೆ ಬರೀ ಬೈಗುಳ, ಬಿಟ್ಟವರಿಗೆ ಬೆತ್ತ. ಶಾಲೆ ಬೇಗ ಬಿಟ್ಟುಹೋಯಿತು, ಆ ಪಾಠ ಮಾತ್ರ ಬೆನ್ನ ಮೇಲೆ ಉಳಿಯಿತು. "ಖಾಲಿ ಅಂದ್ರೆ ಮೈಗಳ್ಳತನ" ಎಂಬುದು ಅವನ ನಂಬಿಕೆ.

ಆಸ್ಪತ್ರೆಯವರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುವ ಕಾಲ ಬಂತು. ಪ್ರೋಗ್ರಾಂ ಬರೆಯಲು ಒಬ್ಬ ಹುಡುಗಿಯನ್ನು ಕಳಿಸಿದರು. ಮೇಸ್ತ್ರಿ ಅವಳಿಗೆ 'ಕಂಪ್ಯೂಟರಮ್ಮ' ಎಂದು ಹೆಸರಿಟ್ಟ. ಅವಳು ಧೂಳಿಗೆ ಸೀನುತ್ತಲೇ ಬೆಂಚಿನ ಮೇಲೆ ಕೂತು, ಬರುವವರದೊಂದು ಕೋಷ್ಟಕ, ಕೃತಕ ಕಾಲಿಗೆ ತೊಡಿಸುವ ಬೂಟುಗಳದೊಂದು, ಭೇಟಿಗಳದೊಂದು ಎಂದು ಗೆರೆ ಎಳೆದು, ಒಂದನ್ನೊಂದಕ್ಕೆ ಹೆಣೆದಳು. ಬೂಟಿನ ಕೋಷ್ಟಕದಲ್ಲಿ ಇಲ್ಲದ ನಂಬರನ್ನು ಯಾರ ಹೆಸರಿಗೂ ಬರೆಯಲು ಬಾರದಂತೆ ಕಟ್ಟಿಹಾಕಿದಳು. ಇದು ಮೇಸ್ತ್ರಿಗೆ ಬಹಳ ಹಿಡಿಸಿತು. "ಭೇಷ್! ಇಲ್ಲದ ಬೂಟು ಬರೆದು ನನ್ನ ತಲೆ ತಿನ್ನೋದು ನಿಲ್ತು" ಎಂದ.

ಆಮೇಲೆ ಅವಳು ಒಂದೊಂದೇ ಕಾಲಂ ಹಿಡಿದು ಕೇಳುತ್ತ ಬಂದಳು.

"ಇದು ಖಾಲಿ ಇರಬಹುದಾ ಸರ್?"

"ಇರಬಾರದು."

"ಇದು?"

"ಇರಬಾರದು."

"ಎಡಪಾದದ ಅಳತೆ?"

"ಇರಬಾರದು ಅಂದ್ನಲ್ಲಮ್ಮ."

"ಎಡಗಾಲೇ ಇಲ್ಲದವರಿಗೆ?"

ಅಳತೆ ತೆಗೆಯುವ ಹೆಂಗಸು ಕಿಸಕ್ಕನೆ ನಕ್ಕಳು. ಎಲ್ಲರೂ ಅವಳನ್ನು ಟೇಪಕ್ಕ ಅನ್ನುತ್ತಿದ್ದರು. ಕೊರಳಲ್ಲಿ ಸದಾ ಟೇಪು. ಮೇಸ್ತ್ರಿ ಅವಳ ಕಡೆ ಒಂದು ನೋಟ ಎಸೆದ, ನಗು ಅಲ್ಲೇ ಒಣಗಿತು.

"ಬಲಗಾಲಿಂದೇ ಹಾಕ್ರಿ! ಜೋಡಿ ಅಲ್ವೇನ್ರಿ ಕಾಲು?"

"ಎರಡೂ ಇಲ್ಲದವರು ಬಂದ್ರೆ? ಅವರ ಮೊದಲಿನ ಎತ್ತರ ಯಾರಿಗೆ ಗೊತ್ತು?"

"ಬಾಯಿ ಇರುತ್ತಲ್ಲ ಅವರಿಗೆ, ಕೇಳ್ರಿ!"

ಹುಡುಗಿ ಪೆನ್ನು ಕೆಳಗಿಟ್ಟಳು. "ಸರ್, ಖಾಲಿ ಅಂದ್ರೆ ಸೊನ್ನೆ ಅಲ್ಲ. 'ಇಲ್ಲ' ಅಂತಾನೂ ಅಲ್ಲ. 'ಇನ್ನೂ ಗೊತ್ತಾಗಿಲ್ಲ' ಅಂತ. ಅದನ್ನ ಹೇಳೋಕೆ ಜಾಗ ಕೊಡದಿದ್ರೆ, ಜನ ಬಾಯಿಗೆ ಬಂದಿದ್ದು ತುಂಬಿಬಿಡ್ತಾರೆ. ನೋಡೋಕೆ ಚೆನ್ನಾಗೇ ಇರುತ್ತೆ. ಸುಳ್ಳು ಅಂತ ಗೊತ್ತಾಗೋದೇ ಇಲ್ಲ."

ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಗೆ ಬಂತು. "ಏನಮ್ಮ? ನನ್ನ ಕೈಕೆಳಗಿನವರು ಸುಳ್ಳು ತುಂಬ್ತಾರೆ ಅಂತೀಯಾ? ಯಾವ ಮನೇನೂ ಖಾಲಿ ಇರಬಾರದು. ಒಂದು ಬಿಟ್ರೂ ಅದು ಒಳಗೆ ಹೋಗಬಾರದು. ಹಂಗೆ ಮಾಡಿಕೊಡು, ಇಲ್ಲ ನಿನ್ನ ಡಬ್ಬ ಎತ್ತಿಕೊಂಡು ನಡಿ."

ಅವಳು ಹಾಗೇ ಮಾಡಿಕೊಟ್ಟಳು. ಒಂದು ಮನೆ ಖಾಲಿ ಬಿಟ್ಟು ಒತ್ತಿದರೆ ಪರದೆಯ ಮೇಲೆ ಕೆಂಪು ಅಕ್ಷರ ಏಳುತ್ತಿತ್ತು. ಆ ಕೆಂಪು ಕಂಡರೆ ಮೇಸ್ತ್ರಿಗೆ ಒಂಥರಾ ಸಮಾಧಾನ. ತಾನು ಊಟಕ್ಕೆ ಹೋದಾಗಲೂ ತನ್ನ ಕೋಪ ಅಲ್ಲೇ ಕೂತು ಕಾವಲು ಕಾಯುತ್ತಿದೆ ಅನ್ನಿಸುತ್ತಿತ್ತು.

ಮಳೆ ನಿಂತ ಮೇಲೆ ಏಣಿ ಬಂದ. ಅವನ ಹೆಸರು ಬೇರೆ. ಬಟ್ಟೆ ಅಂಗಡಿಯಲ್ಲಿ ಮೇಲಿನ ಅಟ್ಟಣಿಗೆಯ ಥಾನನ್ನೂ ಸ್ಟೂಲು ಇಲ್ಲದೆ ಕೈಚಾಚಿ ಇಳಿಸುತ್ತಿದ್ದನಂತೆ, ಅದಕ್ಕೆ ಆ ಹೆಸರು. ಸಾಮಾನು ಸಾಗಿಸುವ ಗಾಡಿ ಹಿಮ್ಮುಖವಾಗಿ ಬಂದು ಅವನ ಎರಡೂ ಕಾಲುಗಳನ್ನು ಗೋಡೆಗೆ ಒತ್ತಿತ್ತು. ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ಗಾಲಿಕುರ್ಚಿಯಲ್ಲಿ ಕೂತವನನ್ನು ನೋಡಿ ಅವನು ಏಣಿಯೋ ಕಾಲುಮಣೆಯೋ ಹೇಳುವುದು ಯಾರಿಗೆ ಸಾಧ್ಯ? ಹೆಂಡತಿ ಔಷಧಿ ತರಲು ಹೋಗಿದ್ದಳು. ಟೇಪಕ್ಕ ಅಳತೆ ತೆಗೆದಳು. ಒಳಗಿನಿಂದ ಮೇಸ್ತ್ರಿ ಕೂಗಿದ, "ಅಳತೆ ತೆಗೀತಿದೀಯೋ, ಗಂಡು ನೋಡ್ತಿದೀಯೋ? ಬೇಗ ಹಾಕು ಅದನ್ನ!" ಅವಳು ಹಾಕಿದಳು. ಪರದೆ ಒಪ್ಪಿಕೊಂಡಿತು.

ಎರಡೂ ಕಾಲು ಹೋದವರಿಗೆ ಮೊದಲು ಗಿಡ್ಡ ಕಾಲು ಕೊಡುತ್ತಾರೆ, ಸಮತೋಲ ಸಿಗಲಿ ಅಂತ. ಅದರ ಮೇಲೆ ನಿಂತು ನಡೆದು ಧೈರ್ಯ ಬಂದ ಮೇಲೆ ಪೂರ್ತಿ ಎತ್ತರದ್ದು. ಏಣಿಯ ಪೂರ್ತಿ ಎತ್ತರದ ಪೈಪನ್ನು ಮೇಸ್ತ್ರಿಯೇ ಕತ್ತರಿಸಿದ. ಪರದೆಯಲ್ಲಿದ್ದ ಅಂಕಿ ನೋಡಿ ಲೆಕ್ಕ ಹಾಕಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ.

ಏಣಿ ಎದ್ದು ನಿಂತ. ಮೇಸ್ತ್ರಿ ಅವನೆದುರು ನಿಂತ. ಕಣ್ಣಿಗೆ ಕಣ್ಣು ಸರಿಸಮ.

ಆವತ್ತು ಮೇಸ್ತ್ರಿಗೆ ಆದ ಸಂತೋಷವನ್ನು ಅವನು ಯಾರಿಗೂ ಹೇಳಲಿಲ್ಲ. ಎಲ್ಲರನ್ನೂ ಕತ್ತೆತ್ತಿ ನೋಡಿ ನೋಡಿ ಬೇಸತ್ತ ಮನುಷ್ಯ. ಇತ್ತೀಚೆಗೆ ಎರಡೂ ಕಾಲು ಕಟ್ಟಿಸಿಕೊಂಡವರು ತನ್ನ ಎದುರಿಗೆ ನಿಂತಾಗ ಕತ್ತು ಎತ್ತಬೇಕಾಗುತ್ತಿರಲಿಲ್ಲ. ಪಾಪ, ಇವರೂ ನನ್ನ ಹಾಗೇ, ಅಂದುಕೊಂಡಿದ್ದ. ಏಣಿಯ ಕೈಗಳು ಸೊಂಟದಿಂದ ಬಹಳ ಕೆಳಗೆ ತೂಗುತ್ತಿದ್ದವು. ಅಷ್ಟು ಉದ್ದದ ಕೈ ಆ ಮೈಗೆ ಒಪ್ಪುತ್ತಿರಲಿಲ್ಲ. ಮೇಸ್ತ್ರಿಯ ಕಣ್ಣಿಗೆ ಅದು ಬಿತ್ತು. ಬಿದ್ದದ್ದನ್ನು ಅವನು ಎತ್ತಿಕೊಳ್ಳಲಿಲ್ಲ.

ಏಣಿ ಎರಡು ಕೋಲೂರಿ ಬಾಗಿಲ ತನಕ ನಡೆದ. ಬಾಗಿಲು ತಗ್ಗಿನದು, ತಲೆ ತಗ್ಗಿಸಿ ದಾಟಿದ. ಅವನ ತಲೆಗೂ ಮೇಲಿನ ಕಟ್ಟಿಗೂ ನಡುವೆ ಆದರೂ ಅರ್ಧ ಗೇಣು ಜಾಗವಿತ್ತು.

"ಏನಪ್ಪಾ, ಯಾವ ದೊರೆಗೆ ತಲೆ ಬಾಗಿಸ್ತಿದೀಯಾ? ಅಲ್ಲಿ ಆಕಾಶವೇ ಇದೆಯಲ್ಲೋ!" ಎಂದು ಮೇಸ್ತ್ರಿ ನಕ್ಕ. ಅವನು ನಕ್ಕರೆ ಎಲ್ಲರೂ ನಗಬೇಕು, ನಕ್ಕರು. ಏಣಿಯೂ ನಕ್ಕ. "ಅಭ್ಯಾಸ ಸರ್" ಅಂದ.

ಕೆಲವು ವಾರ ಕಳೆದು ಅವನ ಹೆಂಡತಿ ಒಬ್ಬಳೇ ಬಂದಳು. ಕೈಯಲ್ಲಿ ಒಂದು ಪ್ಯಾಂಟು. ಅಳತೆ ಕೋಣೆಯ ಮೂಲೆಯಲ್ಲಿ ನಿಂತು, ಒಳಗೆ ಕರೆಯುವ ತನಕ ಕಾದಳು.

"ಏನಮ್ಮ? ಕಾಲು ಚುಚ್ಚುತ್ತಂತಾ?"

"ಇಲ್ಲಣ್ಣ. ಕಾಲು ಚೆನ್ನಾಗಿದೆ. ಇದು... ಅವರ ಹಳೇ ಪ್ಯಾಂಟು. ಎಲ್ಲಾ ನೆಲದ ಮೇಲೆ ಎಳೀತಾವೆ. ಇಷ್ಟು ಒಳಗೆ ಮಡಚಿ ಹೊಲಿದೆ." ಅವಳು ತೋರಿಸಿದ ಮಡಿಕೆ ಮುಕ್ಕಾಲು ಗೇಣಿತ್ತು. "ಅಂಗಡೀಲಿ ಈಗ ಸ್ಟೂಲು ಕೊಟ್ಟಿದಾರೆ. ಸ್ಟೂಲು ಹತ್ತೋಕೆ ಆಗಲ್ಲ ಅವರಿಗೆ. ಅದಕ್ಕೆ ಕೆಳಗಿನ ಕರ್ಚೀಫು ಟವೆಲ್ಲು ಮಾರೋಕೆ ಕೂರಿಸಿದಾರೆ. ನಾನು ಕೇಳ್ತೀನಿ ಅಂದೆ, ಅವರು ಬೇಡ ಅಂದ್ರು. ಎಷ್ಟು ಕೊಟ್ರೋ ಅಷ್ಟೇ ಅಂತ ತಿಳ್ಕೊಂಡಿದಾರೆ. ಹೋದ್ರೆ ಬೈಸಿಕೋತೀಯಾ ಅಂದ್ರು."

"ಯಾರು ಬೈತಾರೆ?"

ಅವಳು ನೆಲ ನೋಡಿದಳು. "ನೀವು ಅಂತ."

ಮೇಸ್ತ್ರಿಗೆ ಅದು ನಾಟಿತು. ನಾಟಿದ್ದಕ್ಕೇ ಸಿಟ್ಟು ಬಂತು. ಪರದೆಯ ಮುಂದೆ ಅವಳನ್ನು ನಿಲ್ಲಿಸಿ ಬೆರಳು ಬಡಿದ. "ನೋಡಮ್ಮ ಇಲ್ಲಿ. ಎತ್ತರ ಬರೆದಿದೆ. ಕಂಪ್ಯೂಟರು ಸುಳ್ಳು ಹೇಳುತ್ತಾ? ನಿನ್ನ ಗಂಡ ಮೊದಲಿಂದ ಉದ್ದ ಪ್ಯಾಂಟು ಹಾಕೋನೇನೋ! ಈಗಿನ ಫ್ಯಾಷನ್ನೇ ಅದಲ್ವಾ, ಬೀದಿ ಗುಡಿಸೋದು!"

ಹೆಂಗಸು ಪ್ಯಾಂಟನ್ನು ನಾಲ್ಕು ಮಡಿಕೆ ಮಾಡಿ, ಎದೆಗೆ ಅವಚಿಕೊಂಡು ಹೊರಟುಹೋದಳು. ಅವಳು ಜಗಳ ಆಡಿದ್ದರೆ ಒಳ್ಳೆಯದಿತ್ತು.

ಕಂಪ್ಯೂಟರಮ್ಮ ಅಂದು ಏನೋ ಸರಿಮಾಡಲು ಬಂದು, ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ಏನೋ ಬರೆದು ಒತ್ತಿದಳು. ಎರಡೂ ಕಾಲು ಇಲ್ಲದವರ ಹೆಸರುಗಳಷ್ಟೇ ಪರದೆಯ ಮೇಲೆ ಸಾಲಾಗಿ ಬಂದವು. ಪಕ್ಕದಲ್ಲಿ ಎತ್ತರ.

ಐದಡಿ ನಾಲ್ಕಂಗುಲ. ಐದಡಿ ನಾಲ್ಕಂಗುಲ. ಐದಡಿ ನಾಲ್ಕಂಗುಲ. ಮೇಲಿಂದ ಕೆಳತನಕ ಅದೇ. ಗಂಡಸು, ಹೆಂಗಸು, ಮುದುಕ, ಎಲ್ಲರೂ ಒಂದೇ ಅಚ್ಚಿನಿಂದ ಎತ್ತಿದ ಇಟ್ಟಿಗೆಗಳ ಹಾಗೆ.

"ಇದೇನಿದು?" ಎಂದ ಮೇಸ್ತ್ರಿ. ಆ ಅಂಕಿ ಅವನಿಗೆ ಗೊತ್ತಿತ್ತು. ಅಳತೆ ಕೋಣೆಯ ಗೋಡೆಗೆ ಎತ್ತರದ ಪಟ್ಟಿ ಬಡಿದ ದಿನ, ಅದು ನೆಟ್ಟಗಿದೆಯೋ ನೋಡಲು ಅವನನ್ನೇ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಗೆರೆ ಇನ್ನೂ ಅಲ್ಲೇ ಇತ್ತು.

ಟೇಪಕ್ಕ ಬಾಗಿಲ ಬಳಿ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅಕ್ಕಾ," ಎಂದ ಮೇಸ್ತ್ರಿ. ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. "ಏನು ಮಾಡಿದೆ ನೀನು?"

"ಖಾಲಿ ಬಿಡಬೇಡ ಅಂದ್ರಿ. ಬಿಟ್ರೆ ಕೆಂಪಗಾಗೋದು, ನೀವು ಒಳಗಿಂದ ಕೂಗೋದು. ಅವರನ್ನ ಕೇಳಿದ್ರೆ ಗೊತ್ತಿಲ್ಲ ಅಂತಿದ್ರು. ಯಾರು ನೆನಪಿಟ್ಟುಕೋತಾರೆ ತಮ್ಮ ಎತ್ತರ? ಮನೆಯವರು ಬರ್ಲಿ, ನಾಳೆ ಹಾಕೋಣ ಅಂದ್ರೆ ನಾಳೆಗೆ ಬಿಡೋಕೆ ಜಾಗ ಇಲ್ಲ. ಸುಮ್ಮನೆ ಏನೋ ಒಂದು ಬರೆಯೋಕೆ ಮನಸ್ಸು ಬರಲಿಲ್ಲ. ಗೋಡೆ ಮೇಲೆ ನಿಮ್ಮದಿತ್ತು. ನಿಜವಾಗಿ ಅಳೆದದ್ದು ಅದೊಂದೇ ಅಲ್ವಾ ಅಂತ..." ಅವಳು ಮಾತು ನುಂಗಿದಳು. ನುಂಗಿದ್ದು ನಿಲ್ಲಲಿಲ್ಲ. "ಅದೂ ಬೂಟು ಸಮೇತ ಅಳೆದಿದ್ದು."

ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ಬೂಟಿನ ಮಾತಿಗೆ ಅವನು ಕೆಂಡಾಮಂಡಲ ಆಗುತ್ತಿದ್ದ. ಬೈಗುಳ ಗಂಟಲ ತನಕ ಬಂತು, ಯಾರ ಮೇಲೆ ಎಸೆಯುವುದೆಂದು ತಿಳಿಯದೆ ಅಲ್ಲೇ ಕೂತಿತು. ನೆಲ ಬಾಯಿ ಬಿಡಬಾರದೇ ಅಂದುಕೊಂಡ. ನೆಲ ಸಿಮೆಂಟಿನದು, ಬಿಡಲಿಲ್ಲ.

ಟೇಪಕ್ಕ ಹೇಳದ್ದು ಒಂದಿತ್ತು, ಅದು ಅವನಿಗಷ್ಟೇ ಗೊತ್ತು. ಆ ಉದ್ದದ ಕೈಗಳನ್ನು ಅವನು ನೋಡಿದ್ದ. ಇಷ್ಟು ವರ್ಷ ಕಾಲು ಕಟ್ಟಿದ ಕಣ್ಣು, ಕೈ ನೋಡಿದರೆ ಕಾಲು ಹೇಳಬಲ್ಲ ಕಣ್ಣು. ಸರಿಸಮ ನಿಲ್ಲುವ ಸುಖಕ್ಕೆ ಅದನ್ನು ಮುಚ್ಚಿಕೊಂಡಿದ್ದ. ಸಾಲದ್ದಕ್ಕೆ ನಕ್ಕಿದ್ದ.

ಸಂಜೆ ಮನೆಯಲ್ಲಿ ತಟ್ಟೆ ಮುಂದೆ ಕೂತು ತುತ್ತು ಎತ್ತಲಿಲ್ಲ. ಹೆಂಡತಿ ಕಾರಣ ಕೇಳಿದಳು. ಹೇಳಿದ, ಅರ್ಧಂಬರ್ಧ. ಅವಳು ನೀರಿನ ಲೋಟ ಸರಿಸುತ್ತ ಬಹಳ ಮೆಲ್ಲಗೆ ಅಂದಳು:

"ಈ ಮನೇಲೂ ಹಂಗೇ ಅಲ್ವೇನ್ರಿ? ನೀವು 'ಎಲ್ಲಾ ಸರಿ ಇದೆಯಾ' ಅಂತ ಗದರ್ತೀರಿ, ನಾವು 'ಹೂಂ' ಅಂತ ತುಂಬ್ತೀವಿ. ಮಗಳು ಕೆಲಸ ಬಿಟ್ಟು ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?"

ಅವನಿಗೆ ಗೊತ್ತಿರಲಿಲ್ಲ. ಮಗಳು ತಟ್ಟೆಯಲ್ಲೇ ಕಣ್ಣಿಟ್ಟು ಕೂತಿದ್ದಳು.

"ಹೇಳಬಾರದಾಗಿತ್ತೇನೇ?" ಅಂದ.

"ಹೇಳೋಣ ಅಂತಲೇ ಇದ್ದೆ ಅಪ್ಪ. ನಿಮ್ಮ ಮುಖ ನೋಡಿ ಇನ್ನೊಂದು ದಿನ ಆಗ್ಲಿ ಅಂದುಕೋತಿದ್ದೆ."

ಮರುದಿನ ಕಂಪ್ಯೂಟರಮ್ಮನ ಪಕ್ಕ ಸ್ಟೂಲು ಎಳೆದುಕೊಂಡು ಕೂತ. "ಏನಮ್ಮ ಮಾಡೋದು ಈಗ?"

"ಮೊದಲು ಆ ಕಟ್ಟು ತೆಗೀಬೇಕು. ಎತ್ತರ ಖಾಲಿ ಇರಬಹುದು ಅಂತ ಮಾಡ್ತೀನಿ. ಆದ್ರೆ ಅದು ಖಾಲಿ ಇರೋ ತನಕ ಪೈಪು ಕತ್ತರಿಸೋ ಆದೇಶ ಹೊರಡಬಾರದು. ಅಲ್ಲಿ ಕಟ್ಟು ಬಿಗೀತೀನಿ. ಗೊತ್ತಿಲ್ಲ ಅಂತ ಬರೆದುಕೊಳ್ಳಲಿ, ಗೊತ್ತಿಲ್ಲದೆ ಕತ್ತರಿಸೋದು ಬೇಡ."

"ನೀನು ಆವತ್ತೇ ಹೇಳಿದ್ದೆ."

"ಹೇಳಿದ್ದೆ. ಆಮೇಲೆ ನೀವು ಕೂಗಿದಿರಿ, ನಾನೂ ಸುಮ್ಮನಾದೆ." ಅವಳು ಒಮ್ಮೆ ಸೀನಿ ಮೂಗು ಒರೆಸಿಕೊಂಡಳು. "ಇರೋ ಸುಳ್ಳುಗಳನ್ನೂ ಅಳಿಸಬೇಕು. ಖಾಲಿ ಮಾಡಲಾ?"

ಮೇಸ್ತ್ರಿ ಪರದೆ ನೋಡಿದ. ಅಲ್ಲಿ ಸಾಲಾಗಿ ನಿಂತಿದ್ದವನು ಅವನೇ, ಬೂಟು ಹಾಕಿಕೊಂಡು. "ಮಾಡು" ಅಂದ. ಅಂಕಿಗಳು ಹೋದವು. ಬಿಳಿ ಮನೆಗಳು ಉಳಿದವು. ಬೆನ್ನ ಮೇಲೆ ಒಂದೊಂದೇ ಏಟು ಬಿದ್ದಂತಾಯಿತು ಅವನಿಗೆ. ಆದರೂ ಕಣ್ಣು ಕೀಳಲಿಲ್ಲ.

ಒಬ್ಬೊಬ್ಬರ ಮನೆಗೂ ತಾನೇ ಹೋಗುತ್ತೇನೆಂದ. ಮೊದಲು ಸಿಕ್ಕವಳು ಒಬ್ಬ ಅಜ್ಜಿ. ಅವಳು ಕಾಲು ಹೋಗುವ ಮೊದಲು ಇನ್ನೂ ಗಿಡ್ಡಗಿದ್ದಳಂತೆ. "ಕಾಲೇನಾದ್ರೂ ಮುಟ್ಟಿದ್ರೆ ನೋಡು! ಹುಟ್ಟಿದಾಗಿಂದ ಎಟುಕದ ಡಬ್ಬಿ ಈಗ ಎಟುಕ್ತಾ ಇದೆ" ಎಂದು ಕೋಲೆತ್ತಿ ಅವನನ್ನು ಓಡಿಸಿದಳು. ಅವನು ಬೀದಿಗೆ ಬಂದು ಒಂದು ಕ್ಷಣ ನಗಬೇಕೆಂದುಕೊಂಡ. ಆಗಲಿಲ್ಲ. ಮುಂದಿನ ಮನೆ ಏಣಿಯದು.

ಎರಡು ಕೋಣೆಯ ಮನೆ. ಏಣಿ ಅಡಿಗೆ ಕೋಣೆಯಿಂದ ಬಂದ. ಬಾಗಿಲಲ್ಲಿ ತಲೆ ತಗ್ಗಿಸಲಿಲ್ಲ. ಅಭ್ಯಾಸ ಬಿಟ್ಟುಹೋಗಿತ್ತು. ಅಷ್ಟರಲ್ಲೇ ಆ ಮನುಷ್ಯ ತನ್ನ ಎತ್ತರವನ್ನು ಮರೆತುಬಿಟ್ಟಿದ್ದ.

"ನೀವಾ ಸರ್? ಬೈಯೋಕೆ ಮನೆ ತನಕ ಬಂದ್ರಾ?" ಎಂದು ಏಣಿ ಹೆಂಡತಿಯ ಕಡೆ ನೋಡಿದ. "ಹೇಳಿದ್ನಲ್ಲ ನಿನಗೆ, ಹೋಗಬೇಡ ಅಂತ."

"ಬೈಯೋಕೆ ಅಲ್ಲ," ಎಂದ ಮೇಸ್ತ್ರಿ. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲೇ ಸುಣ್ಣದ ಹಾಗೆ ಒಣಗಿತು. "ನಿನಗೆ ನಾನು ಕೊಟ್ಟಿದ್ದು ನಿನ್ನ ಎತ್ತರ ಅಲ್ಲ. ಅದು ನಂದು. ಕಂಪ್ಯೂಟರಿನಲ್ಲಿ ಜಾಗ ಖಾಲಿ ಬಿಡಬಾರದು ಅಂತ ನಾನೇ ಹಟ ಹಿಡಿದಿದ್ದೆ. ನಿಂದು ಗೊತ್ತಿರಲಿಲ್ಲ, ನಂದು ತುಂಬಿದ್ರು."

ಏಣಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಮೇಸ್ತ್ರಿ ಬೂಟನ್ನು ಹೊರಗೆ ಬಿಟ್ಟು ಬಂದಿದ್ದ. ಈಗ ಏಣಿಗಿಂತಲೂ ಒಂದಿಷ್ಟು ಕೆಳಗೇ ಇದ್ದ. ನಗುತ್ತಾನೆ ಅಂದುಕೊಂಡ. ನಕ್ಕಿದ್ದರೆ ಹಗುರಾಗುತ್ತಿತ್ತು.

"ನಾನು ಬಾಗಿಲಲ್ಲಿ ಬಗ್ಗಿದ್ದನ್ನ ನೀವು ನೋಡಿದ್ರಿ," ಎಂದ ಏಣಿ. "ನಕ್ಕಿರಿ."

"ಹೌದು."

"ಬಗ್ಗೋನು ಯಾಕೆ ಬಗ್ತಾನೆ ಅಂತ ಒಂದು ಮಾತು ಕೇಳಲಿಲ್ಲ ನೀವು."

"ಇಲ್ಲ."

"ನಾನೂ ನಕ್ಕೆ ನಿಮ್ಮ ಜೊತೆ," ಅಂದ ಏಣಿ. ಅದನ್ನು ಹೇಳುವಾಗ ಅವನ ಮುಖ ಕೆಂಪಾಯಿತು. ಆ ಕೆಂಪು ತನ್ನದಾಗಬೇಕಿತ್ತು, ಅದನ್ನೂ ಇವನ ತಲೆಗೇ ಕಟ್ಟಿದೆನಲ್ಲಾ ಅನ್ನಿಸಿತು ಮೇಸ್ತ್ರಿಗೆ.

ಒಲೆಯ ಮೇಲೆ ಏನೋ ಕುದಿದು ಉಕ್ಕಿತು. ಹೆಂಡತಿ ಓಡಿಹೋಗಿ ಆರಿಸಿ ಬಂದಳು.

"ನೀನು ಎಷ್ಟು ಎತ್ತರ ಇದ್ದೆ?" ಎಂದು ಕೇಳಿದ ಮೇಸ್ತ್ರಿ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

"ಯಾರಿಗೆ ಗೊತ್ತು? ಅಳೆದವರು ಯಾರು?"

"ನನಗೆ ಗೊತ್ತು," ಅಂದಳು ಹೆಂಡತಿ. ಸೆರಗಿಗೆ ಕೈ ಒರೆಸಿಕೊಂಡು ಗಂಡನ ಮುಂದೆ ಬಂದು ನಿಂತಳು. ಮಾತಿಗೆ ಮುಂಚೆ ನಾಚಿಕೆ ಬಂತು ಅವಳಿಗೆ. "ಇವರ ಅಂಗಿಯ ಎರಡನೇ ಗುಂಡಿ ನನ್ನ ಹಣೆಗೆ ಒತ್ತುತ್ತಿತ್ತು. ಗುರುತೇ ಬೀಳ್ತಿತ್ತು. ಎಷ್ಟು ಸಲ ಬೈದಿದೀನಿ."

ಈಗ ಅವಳ ಹಣೆ ಅವನ ಗಲ್ಲದ ಮಟ್ಟಕ್ಕಿತ್ತು. ಮೇಸ್ತ್ರಿ ಜೇಬಿನಿಂದ ಟೇಪು ತೆಗೆದ. ನೆಲದಿಂದ ಅವಳ ಹಣೆಗೆ ಎಷ್ಟು, ಗುಂಡಿಯಿಂದ ಅವನ ನೆತ್ತಿಗೆ ಎಷ್ಟು, ಎರಡನ್ನೂ ಅಳೆದು ಕೂಡಿಸಿದ. ನಂಬಿಕೆ ಬರದೆ ಎರಡನ್ನೂ ಇನ್ನೊಮ್ಮೆ ಅಳೆದ.

ಒಂದೇ ಸಲಕ್ಕೆ ಅಷ್ಟು ಎತ್ತರಿಸಿದರೆ ಬೀಳುತ್ತಾನೆ. ಬಂದಾಗಲೆಲ್ಲ ಸ್ವಲ್ಪ ಹೆಚ್ಚು ಉದ್ದದ ಪೈಪು ಹಾಕಿದ. ಪ್ರತಿ ಸಲವೂ ಏಣಿ ಎದ್ದು ನಿಂತಾಗ ಮೇಸ್ತ್ರಿಯ ಕತ್ತು ಇನ್ನಷ್ಟು ಹಿಂದಕ್ಕೆ ಹೋಗುತ್ತಿತ್ತು. ಇಬ್ಬರ ನಡುವೆ ಮಾತು ಕಡಿಮೆ. "ಇಲ್ಲಿ ಒತ್ತುತ್ತಾ?" "ಇಲ್ಲ." "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು." "ಗೊತ್ತಿಲ್ಲ." "ಸರಿ, ನಡೆದು ನೋಡಿ ಹೇಳು." ಏಣಿ ಕ್ಷಮಿಸಿದ್ದೇನೆ ಅಂತ ಹೇಳಲಿಲ್ಲ. ಮೇಸ್ತ್ರಿಗೆ ಕೇಳುವ ಮುಖ ಇರಲಿಲ್ಲ.

ಪೂರ್ತಿ ಎತ್ತರ ಮುಟ್ಟಿದ ದಿನ ಹೆಂಡತಿಯೂ ಬಂದಿದ್ದಳು, ಮಡಿಕೆ ಬಿಚ್ಚಿದ ಪ್ಯಾಂಟು ತಂದಿದ್ದಳು. ಹಳೆಯ ಮಡಿಕೆಯ ಗೆರೆ ಮೊಣಕಾಲಿನ ಕೆಳಗೆ ಮಾಸದೆ ನಿಂತಿತ್ತು. ಏಣಿ ಅದನ್ನು ತೊಟ್ಟು, ಕೋಲೂರಿ, ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲ ಕಡೆ ನಡೆದ. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಠಪ್ ಎಂದಿತು. ಹಣೆ ಮೇಲಿನ ಕಟ್ಟಿಗೆ ಬಡಿದಿತ್ತು.

"ಅಯ್ಯೋ! ಬಗ್ಗೋದು ಮರೆತೇ ಹೋಗಿದೆ ಕಣೇ," ಎಂದು ಏಣಿ ಹಣೆ ಉಜ್ಜಿಕೊಂಡ. ಹೆಂಡತಿ ನಕ್ಕಳು. ಟೇಪಕ್ಕ ನಕ್ಕಳು. ನಗು ತಡೆಯಲಾರದೆ ಏಣಿಯೂ ಗೋಡೆ ಹಿಡಿದುಕೊಂಡು ನಕ್ಕ. ಮೇಸ್ತ್ರಿಯ ಮುಖ ನೋಡಿ ನಗಬೇಕೋ ಬೇಡವೋ ಅಂತ ಅಂದು ಯಾರೂ ಕಾಯಲಿಲ್ಲ.

ಅವನೊಬ್ಬನಿಗೆ ನಗು ಬರಲಿಲ್ಲ. ಅವರು ಹೋದ ಮೇಲೆ, ಕೃತಕ ಕಾಲಿನಲ್ಲಿ ತೊಡೆ ಕೂರುವ ಬಟ್ಟಲಿಗೆ ಹಾಕುವ ಮೆತ್ತನೆಯ ಸ್ಪಂಜಿನ ಒಂದು ಪಟ್ಟಿ ಕೊಯ್ದು ತಂದ. ಬಾಗಿಲ ಮೇಲಿನ ಕಟ್ಟಿಗೆ ಕೈ ತಾಗಿತು, ಮೊಳೆ ಹೊಡೆಯುವಷ್ಟು ಎಟುಕಲಿಲ್ಲ. ಎಲ್ಲರ ಎದುರಿಗೇ ಸ್ಟೂಲು ಎಳೆದು, ಬೂಟು ಬಿಚ್ಚಿಟ್ಟು, ಹತ್ತಿ ನಿಂತು, ಮೊಳೆ ಹೊಡೆಯತೊಡಗಿದ.

"ಮೇಸ್ತ್ರೀ, ಸ್ಟೂಲು ಅಲ್ಲಾಡ್ತಿದೆ, ಹಿಡ್ಕೊಳ್ಳಲಾ?" ಎಂದಳು ಟೇಪಕ್ಕ.

"ಹಿಡ್ಕೋ," ಎಂದ ಅವನು, ತಿರುಗಿ ನೋಡದೆ.